ಲಿನಕ್ಸ್ ಹ್ಯಾಕ್ ಹೆಚ್ಚಿದೆಯೇ? ಮೊದಲು ಏನನ್ನು ಎಣಿಸುತ್ತಿದ್ದೇವೆ ಎಂದು ನೋಡೋಣ

ಸಂಪಾದಕರಿಗೆ ನಮಸ್ಕಾರ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಕಂಪ್ಯೂಟರ್‌ಗಳು ಹಿಂದಿಗಿಂತ ಹೆಚ್ಚಾಗಿ ಹ್ಯಾಕ್ ಆಗುತ್ತಿವೆ ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಬಂದಾಗಲೆಲ್ಲ ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ ಎಂದು ಹಟ ಹಿಡಿಯುವವರು ಒಂದು ಕಡೆ, ನಾವು ಆಗಲೇ ಹೇಳಿರಲಿಲ್ಲವೇ ಎನ್ನುವವರು ಇನ್ನೊಂದು ಕಡೆ ನಿಂತುಬಿಡುತ್ತಾರೆ. ಹೆಚ್ಚಿದ್ದು ಏನು ಎಂದು ಇಬ್ಬರೂ ಕೇಳುವುದಿಲ್ಲ. ಒಳನುಗ್ಗಲು ನಡೆದ ಪ್ರಯತ್ನಗಳು ಒಂದು ಲೆಕ್ಕ, ವರದಿಯಾದ ದೋಷಗಳು ಇನ್ನೊಂದು ಲೆಕ್ಕ, ನಿಜವಾಗಿ ಕೈತಪ್ಪಿಹೋದ ಯಂತ್ರಗಳದು ಬೇರೆಯೇ ಲೆಕ್ಕ. ಎಲ್ಲವನ್ನೂ ಒಂದೇ ಶೀರ್ಷಿಕೆಯಡಿ ತುರುಕಿದರೆ ಓದುಗರಲ್ಲಿ ಭಯವೋ ಉಡಾಫೆಯೋ ಉಳಿಯುತ್ತದೆ. ಮಾಡಬೇಕಾದ ಕೆಲಸ ಮಾತ್ರ ತಿಳಿಯುವುದಿಲ್ಲ.

ಪ್ರಯತ್ನಗಳ ಲೆಕ್ಕಕ್ಕೆ ಬೆಲೆ ತೀರಾ ಕಡಿಮೆ. ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸಗಳು. ಅಷ್ಟನ್ನೂ ಒಂದು ಪೋರ್ಟ್‌ಗಾಗಿ (ಪೋರ್ಟ್ ಎಂದರೆ ಯಂತ್ರದಲ್ಲಿ ಒಂದೊಂದು ಸೇವೆಗಿರುವ ಸಂಖ್ಯೆಯ ಬಾಗಿಲು) ಒಂದೇ ಗಿಗಾಬಿಟ್ ಸಂಪರ್ಕದಿಂದ 45 ನಿಮಿಷದೊಳಗೆ ತಡಕಿ ನೋಡಬಹುದು ಎಂದು ಮಿಷಿಗನ್ ವಿಶ್ವವಿದ್ಯಾಲಯದವರ ಝಡ್‌ಮ್ಯಾಪ್ ಎಂಬ ಸಾಧನ 2013ರಲ್ಲೇ ತೋರಿಸಿಕೊಟ್ಟಿತ್ತು. ಹೀಗಿರುವಾಗ ಹೊಸ ಸರ್ವರ್ ಒಂದನ್ನು ಅಂತರ್ಜಾಲಕ್ಕೆ ಜೋಡಿಸಿದ ಸ್ವಲ್ಪ ಹೊತ್ತಿಗೇ ಅದರ ಲಾಗ್‌ನಲ್ಲಿ (ದಾಖಲೆ ಪುಸ್ತಕದಲ್ಲಿ) ‘ಫೇಲ್ಡ್ ಪಾಸ್‌ವರ್ಡ್’ ಸಾಲುಗಳು ಸಾಲುಗಟ್ಟುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಸಾಲುಗಳು ಹೇಳುವುದು ಬಾಗಿಲು ತೆರೆಯಲಿಲ್ಲ ಎಂದು. ನೋಡಬೇಕಾದದ್ದು ‘ಆಕ್ಸೆಪ್ಟೆಡ್’ ಎಂದು ಶುರುವಾಗುವ ಸಾಲುಗಳನ್ನು: ಯಾವ ಬಳಕೆದಾರ, ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ, ಪಾಸ್‌ವರ್ಡ್‌ನಿಂದಲೋ ಕೀ ಎಂಬ ಗುಪ್ತ ಫೈಲಿನಿಂದಲೋ. ದಿನಕ್ಕೆ ಲಕ್ಷ ದಾಳಿ ತಡೆದೆವು ಎಂದು ಜಾಹೀರಾತು ಕೊಡುವ ಕಂಪನಿಗಳು ಎಣಿಸುವುದು ಮೊದಲಿನ ಬಗೆಯ ಸಾಲುಗಳನ್ನು.

ದೋಷಗಳ ಲೆಕ್ಕ ಇನ್ನಷ್ಟು ದಾರಿ ತಪ್ಪಿಸುತ್ತದೆ. 2024ರ ಫೆಬ್ರುವರಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ತಂಡ ತನ್ನ ದೋಷಗಳಿಗೆ ತಾನೇ ಸಿವಿಇ (ಭದ್ರತಾ ದೋಷಗಳಿಗೆ ಜಗತ್ತಿನಾದ್ಯಂತ ಬಳಸುವ ಗುರುತು) ಸಂಖ್ಯೆ ಕೊಡುವ ಅಧಿಕಾರ ಪಡೆಯಿತು. ಭದ್ರತೆಗೆ ಸಂಬಂಧವಿರಬಹುದಾದ ಪ್ರತಿಯೊಂದು ತಿದ್ದುಪಡಿಗೂ ಸಂಖ್ಯೆ ಕೊಡುವುದು ಆ ತಂಡದ ನೀತಿ. ಹಾಗಾಗಿ ವರ್ಷಕ್ಕೆ ಕೆಲವು ನೂರರಲ್ಲಿದ್ದ ಕರ್ನಲ್ ಸಿವಿಇಗಳು ಒಮ್ಮೆಲೇ ಸಾವಿರಗಳಿಗೆ ಹಾರಿದವು. ಕರ್ನಲ್ ಒಂದೇ ವರ್ಷದಲ್ಲಿ ಹತ್ತು ಪಟ್ಟು ಕೆಟ್ಟುಹೋಗಿದ್ದಲ್ಲ, ಎಣಿಸುವ ಬಗೆ ಬದಲಾದದ್ದು. ಆ ಪಟ್ಟಿಯ ಬಹುಪಾಲು ದೋಷಗಳು ನಿಮ್ಮ ಯಂತ್ರದಲ್ಲಿ ಲೋಡ್ ಆಗಿರದ ಯಾವುದೋ ಡ್ರೈವರ್‌ಗೆ ಸೇರಿರುತ್ತವೆ. ಈ ಸಂಖ್ಯೆಯನ್ನು ಹಿಂದಿನ ವರ್ಷಗಳದರ ಪಕ್ಕದಲ್ಲಿಟ್ಟು ನಕ್ಷೆ ಬರೆಯುವವರು ಇದನ್ನು ಹೇಳದೆ ಬಿಡುವುದು ಸರಿಯಲ್ಲ.

ಇನ್ನು ನಿಜವಾಗಿ ಕೈತಪ್ಪಿದ ಯಂತ್ರಗಳು. ಅವು ಹೆಚ್ಚಿವೆ ಎನ್ನುವುದೇ ನಮ್ಮ ಅಭಿಪ್ರಾಯ, ಮತ್ತು ಅದಕ್ಕೆ ಮುಖ್ಯ ಕಾರಣ ಸರಳ: ಅಂತರ್ಜಾಲಕ್ಕೆ ನೇರ ಮುಖ ಮಾಡಿ ನಿಂತ ಲಿನಕ್ಸ್ ಯಂತ್ರಗಳೇ ಹೆಚ್ಚಿವೆ. ವೆಬ್ ಸರ್ವರ್, ಕ್ಲೌಡ್‌ನ ಬಾಡಿಗೆ ಯಂತ್ರ, ಮನೆಯ ರೌಟರ್, ಕ್ಯಾಮೆರಾ, ಟಿವಿ ಪೆಟ್ಟಿಗೆ ಎಲ್ಲದರಲ್ಲೂ ಅದೇ ಕರ್ನಲ್. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ 500 ಅತಿ ವೇಗದ ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಲಿನಕ್ಸ್ ಬಿಟ್ಟು ಬೇರೆ ವ್ಯವಸ್ಥೆಯೇ ಇಲ್ಲ. ಇಷ್ಟು ಹರಡಿದ ಮೇಲೆ ಕಳ್ಳರು ಇತ್ತ ತಿರುಗದಿದ್ದರೆ ಅದೇ ಅಚ್ಚರಿ. 2016ರಲ್ಲಿ ಮಿರಾಯ್ ಎಂಬ ಬಾಟ್‌ನೆಟ್ (ಕದ್ದ ಯಂತ್ರಗಳ ಸೈನ್ಯ) ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ಹಿಡಿಯಿತು; ಅದರ ಬತ್ತಳಿಕೆಯಲ್ಲಿ ಇದ್ದದ್ದು ಕಾರ್ಖಾನೆಯಲ್ಲೇ ಹಾಕಿಟ್ಟ ಅರವತ್ತಕ್ಕೂ ಹೆಚ್ಚು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳು ಮಾತ್ರ. 2017ರಲ್ಲಿ ದಕ್ಷಿಣ ಕೊರಿಯಾದ ಹೋಸ್ಟಿಂಗ್ ಕಂಪನಿ ನಯಾನಾದ 153 ಲಿನಕ್ಸ್ ಸರ್ವರ್‌ಗಳನ್ನು ಎರೆಬಸ್ ಎಂಬ ರ‍್ಯಾನ್ಸಮ್‌ವೇರ್ ಬೀಗ ಹಾಕಿ ಕೂರಿಸಿತು; ಕಂಪನಿ ಸುಮಾರು 10 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಕೀ, ಪಾಸ್‌ವರ್ಡ್ ಕದಿಯುವ ಎಬ್ಯುರಿ ಎಂಬ ಕುತಂತ್ರಾಂಶ 2009ರಿಂದ ಸುಮಾರು 4 ಲಕ್ಷ ಸರ್ವರ್‌ಗಳಿಗೆ ತಗುಲಿದೆ ಎಂದು ಇಸೆಟ್ ಭದ್ರತಾ ಸಂಸ್ಥೆ 2024ರಲ್ಲಿ ವರದಿ ಮಾಡಿತು. 2023ರ ಕೊನೆಯಲ್ಲೂ ಅವುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶುದ್ಧವಾಗಿರಲಿಲ್ಲ.

ಆದರೆ ಇಂಥ ಘಟನೆಗಳಲ್ಲಿ ಕಳ್ಳ ಒಳಗೆ ಬಂದ ದಾರಿ ಹುಡುಕಿದರೆ, ಕರ್ನಲ್‌ನ ಗೂಢ ದೋಷಕ್ಕಿಂತ ತೆರೆದಿಟ್ಟ ಬಾಗಿಲೇ ಹೆಚ್ಚಾಗಿ ಸಿಗುತ್ತದೆ. ಸುದ್ದಿಗಳಲ್ಲಿ ಬಿಟ್ಟುಹೋಗುವುದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲನೆಯದು ಎಸ್‌ಎಸ್‌ಎಚ್ ಪಾಸ್‌ವರ್ಡ್. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಮಾತ್ರ ಬಳಸಿ ಎಂಬ ಸಲಹೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೆಲಸ ಕೆಡುವ ಜಾಗ ಒಂದಿದೆ. ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ ಎಸ್‌ಎಸ್‌ಎಚ್‌ಡಿ; ಅದರ ಎಸ್‌ಎಸ್‌ಎಚ್‌ಡಿ-ಕಾನ್ಫಿಗ್ ಫೈಲ್ ತೆರೆದು ‘ಪಾಸ್‌ವರ್ಡ್‌ ಅಥೆಂಟಿಕೇಶನ್’ ಎದುರು ‘ನೋ’ ಎಂದು ಬರೆದು, ಸೇವೆಯನ್ನು ಮರುಪ್ರಾರಂಭಿಸಿ, ಆಯಿತು ಎಂದು ಎದ್ದುಬಿಡುತ್ತಾರೆ. ಈಚಿನ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ (ಡಿಸ್ಟ್ರೋಗಳಲ್ಲಿ) ಆ ಫೈಲಿನ ತಲೆಯಲ್ಲೇ ‘ಇನ್‌ಕ್ಲೂಡ್’ ಸಾಲೊಂದಿದೆ, ಪಕ್ಕದ ‘.ಡಿ’ ಫೋಲ್ಡರ್‌ನಲ್ಲಿರುವ ಚಿಕ್ಕ ಫೈಲುಗಳನ್ನೆಲ್ಲ ಅದು ಮೊದಲು ಎಳೆದು ತರುತ್ತದೆ. ಒಂದೇ ಆಯ್ಕೆ ಎರಡು ಕಡೆ ಬಂದರೆ ಎಸ್‌ಎಸ್‌ಎಚ್‌ಡಿ ಒಪ್ಪುವುದು ಮೊದಲು ಕಂಡದ್ದನ್ನು, ಕೊನೆಯದನ್ನಲ್ಲ. ಆ ಫೋಲ್ಡರ್‌ನಲ್ಲಿ ಬಾಡಿಗೆ ಯಂತ್ರವನ್ನು ಮೊದಲ ಸಲ ಸಿದ್ಧಗೊಳಿಸುವ ಕ್ಲೌಡ್-ಇನಿಟ್ ಬರೆದಿಟ್ಟ, 50ರಿಂದ ಶುರುವಾಗುವ ಹೆಸರಿನ ಫೈಲಿನಲ್ಲಿ ‘ಯೆಸ್’ ಎಂದು ಇದ್ದರೆ ನೀವು ಕೆಳಗೆ ಬರೆದ ‘ನೋ’ಗೆ ಕಿಮ್ಮತ್ತೇ ಇಲ್ಲ. ಆದ್ದರಿಂದ ಫೈಲನ್ನು ನಂಬಬೇಡಿ, ಪ್ರೋಗ್ರಾಮನ್ನೇ ಕೇಳಿ: ಎಸ್‌ಎಸ್‌ಎಚ್‌ಡಿ ಆಜ್ಞೆಗೆ ಹೈಫನ್ ಮತ್ತು ದೊಡ್ಡಕ್ಷರದ ಟಿ ಸೇರಿಸಿ ರೂಟ್ (ಸರ್ವಾಧಿಕಾರದ ಖಾತೆ) ಆಗಿ ಓಡಿಸಿದರೆ ಜಾರಿಯಲ್ಲಿ ಬರುವ ಆಯ್ಕೆಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಅಲ್ಲಿ ಪಾಸ್‌ವರ್ಡ್‌ ಅಥೆಂಟಿಕೇಶನ್ ಜೊತೆಗೆ ‘ಕೆಬಿಡಿ-ಇಂಟರಾಕ್ಟಿವ್’ ಆಯ್ಕೆಯೂ ‘ನೋ’ ಆಗಿರಬೇಕು. ಅದನ್ನು ಮರೆತರೆ ಪ್ಯಾಮ್ ಎಂಬ ಲಾಗಿನ್ ವ್ಯವಸ್ಥೆಯ ಮೂಲಕ ಪಾಸ್‌ವರ್ಡ್ ಹಿಂಬಾಗಿಲಿನಿಂದ ಬರುತ್ತದೆ. ಬದಲಾವಣೆ ಮಾಡುವಾಗ ಈಗಾಗಲೇ ತೆರೆದಿರುವ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಲಾಗಿನ್ ಆಗಿ ನೋಡಿದ ಮೇಲೆಯೇ ಮೊದಲಿನದನ್ನು ಬಿಡುವುದು ಕ್ಷೇಮ.

ಎಸ್‌ಎಸ್‌ಎಚ್‌ನ ಪೋರ್ಟ್ 22ನ್ನು ಬೇರೆ ಸಂಖ್ಯೆಗೆ ಬದಲಿಸುವುದರಿಂದ ಲಾಗ್‌ನ ಗದ್ದಲ ಇಳಿಯುತ್ತದೆ, ಭದ್ರತೆ ಏರುವುದಿಲ್ಲ. ಪದೇ ಪದೇ ವಿಫಲವಾಗುವ ವಿಳಾಸಗಳನ್ನು ತಡೆಯುವ ಫೇಲ್‌2ಬ್ಯಾನ್ ಕೂಡ ಹೆಚ್ಚುಕಡಿಮೆ ಅಷ್ಟೆ. ಸಾವಿರಾರು ವಿಳಾಸಗಳಿಂದ ಒಂದೊಂದೇ ಸಲ ಪ್ರಯತ್ನಿಸುವ ಬಾಟ್‌ನೆಟ್ ಅದರ ಮಿತಿಯನ್ನು ಮುಟ್ಟುವುದೇ ಇಲ್ಲ.

ಎರಡನೆಯದು ಡಾಕರ್, ಅಂದರೆ ಪ್ರೋಗ್ರಾಂಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ. ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಎಲ್ಲ ಮುಚ್ಚಿದ್ದೇನೆ, ಎಸ್‌ಎಸ್‌ಎಚ್ ಮತ್ತು ವೆಬ್ ಮಾತ್ರ ಬಿಟ್ಟಿದ್ದೇನೆ ಎಂದು ನಂಬಿದವರ ರೆಡಿಸ್ ಡೇಟಾಬೇಸ್ ಪೋರ್ಟ್ 6379ರಲ್ಲಿ ಲೋಕಕ್ಕೆಲ್ಲ ಕಾಣುತ್ತಿರುತ್ತದೆ. ಕಾರಣ ಇಷ್ಟು: ಕಂಟೇನರ್‌ನ ಪೋರ್ಟನ್ನು ಹೊರಗೆ ಪ್ರಕಟಿಸಿದಾಗ ಡಾಕರ್ ತಾನೇ ಕರ್ನಲ್ಲಿನ ಫೈರ್‌ವಾಲ್ ನಿಯಮಗಳಾದ ಐಪಿ-ಟೇಬಲ್ಸ್‌ನಲ್ಲಿ ವಿಳಾಸ ಬದಲಿಸುವ ನಿಯಮ ಬರೆಯುತ್ತದೆ. ಆ ಪ್ಯಾಕೆಟ್‌ಗಳು ‘ಫಾರ್ವರ್ಡ್’ ಸರಪಳಿಯಲ್ಲಿ (ನಿಯಮಗಳ ಸಾಲಿನಲ್ಲಿ) ಹಾದುಹೋಗುತ್ತವೆ. ಯುಎಫ್‌ಡಬ್ಲ್ಯುನಲ್ಲಿ ನೀವು ಬರೆದ ನಿಯಮಗಳು ಕಾಯುತ್ತಿರುವುದು ‘ಇನ್‌ಪುಟ್’ ಸರಪಳಿಯಲ್ಲಿ. ಎರಡೂ ಎದುರಾಗುವುದೇ ಇಲ್ಲ. ಸಾಲದ್ದಕ್ಕೆ ರೆಡಿಸ್‌ನ ಅಧಿಕೃತ ಡಾಕರ್ ಇಮೇಜ್‌ನಲ್ಲಿ ಅದರ ‘ಪ್ರೊಟೆಕ್ಟೆಡ್ ಮೋಡ್’ ಎಂಬ ರಕ್ಷಣೆ ಆಫ್ ಆಗಿರುತ್ತದೆ. ಪರಿಹಾರ ಸುಲಭ: ಪೋರ್ಟ್ ಸಂಖ್ಯೆಗೂ ಮೊದಲು 127.0.0.1 ಎಂದು ಸೇರಿಸಿದರೆ ಆ ಸೇವೆ ಆ ಯಂತ್ರದೊಳಗಷ್ಟೇ ಸಿಗುತ್ತದೆ. ಹೊರಗಿನವರಿಗೂ ಬೇಕೇ ಬೇಕೆಂದಿದ್ದರೆ ನಿಯಮಗಳನ್ನು ‘ಡಾಕರ್-ಯೂಸರ್’ ಸರಪಳಿಯಲ್ಲಿ ಬರೆಯಬೇಕು. ಡಾಕರ್‌ಗೆ ಹೊರಗಿನಿಂದ ಆಜ್ಞೆ ಕೊಡುವ ಎಪಿಐಯನ್ನು ಪೋರ್ಟ್ 2375ರಲ್ಲಿ ತೆರೆದಿಡುವುದಂತೂ ರೂಟ್ ಪಾಸ್‌ವರ್ಡನ್ನು ಬೀದಿಯಲ್ಲಿ ಹಂಚಿದ ಹಾಗೆಯೇ. ಆತಿಥೇಯ ಯಂತ್ರದ ಇಡೀ ಡಿಸ್ಕನ್ನು ಒಳಗೆ ಜೋಡಿಸಿಕೊಂಡ ಕಂಟೇನರ್ ಒಂದನ್ನು ಯಾರು ಬೇಕಾದರೂ ಶುರು ಮಾಡಬಹುದು. ಯಾವುದೇ ಸರ್ವರ್‌ನಲ್ಲಿ ಸಂಪರ್ಕಕ್ಕೆ ಕಾದಿರುವ ಪೋರ್ಟ್‌ಗಳನ್ನು ಒಳಗಿನಿಂದ ‘ಎಸ್‌ಎಸ್’ ಆಜ್ಞೆಯಲ್ಲಿ ನೋಡಿ, ನಂತರ ಹೊರಗಿನ ಬೇರೊಂದು ಯಂತ್ರದಿಂದ ಪೋರ್ಟ್ ತಡಕುವ ಎನ್‌ಮ್ಯಾಪ್ ಓಡಿಸಿ ತಾಳೆ ಮಾಡಿ. ಫೈರ್‌ವಾಲ್‌ನ ಪಟ್ಟಿಯನ್ನೊಂದೇ ನಂಬಿದರೆ ಡಾಕರ್‌ನ ಈ ತೂತು ಕಣ್ಣಿಗೆ ಬೀಳುವುದಿಲ್ಲ.

ವೆಬ್ ತಂತ್ರಾಂಶಗಳ ವಿಷಯ ಎಲ್ಲರಿಗೂ ತಿಳಿದದ್ದೇ: ಹಳೆಯ ಪ್ಲಗಿನ್, ಅದರ ಮೂಲಕ ಅಪ್‌ಲೋಡ್ ಫೋಲ್ಡರ್‌ಗೆ ಬಂದು ಕೂತ ಒಂದು ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ) ಫೈಲ್. ಚಿತ್ರಗಳಷ್ಟೇ ಇರಬೇಕಾದ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡದಂತೆ ವೆಬ್ ಸರ್ವರ್‌ನಲ್ಲೇ ತಡೆದರೆ ಅರ್ಧ ತಲೆನೋವು ಹೋಗುತ್ತದೆ. ಇಂಥ ಫೈಲುಗಳನ್ನು ದಿನಾಂಕ ನೋಡಿ ಹುಡುಕುವವರು ಬದಲಾದ ಸಮಯಕ್ಕಿಂತ ಸಿ-ಟೈಮ್ (ಫೈಲಿನಲ್ಲಿ ಏನೇ ಬದಲಾದರೂ ಕರ್ನಲ್ ತಾನೇ ಬರೆಯುವ ಸಮಯ) ನೋಡುವುದು ಮೇಲು. ಮೊದಲನೆಯದನ್ನು ‘ಟಚ್’ ಆಜ್ಞೆಯಿಂದ ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು.

ಕರ್ನಲ್ ಮತ್ತು ವ್ಯವಸ್ಥೆಯ ದೋಷಗಳ ಪಾತ್ರ ಸಾಮಾನ್ಯವಾಗಿ ಇಲ್ಲಿಂದ ಮುಂದೆ. ವೆಬ್ ದೋಷದಿಂದ ಒಳಬಂದವನಿಗೆ ಸಿಗುವುದು ವೆಬ್ ಸರ್ವರ್‌ನ ಬಡಪಾಯಿ ಖಾತೆ. ರೂಟ್ ಆಗಲು ಅವನಿಗೆ ಎರಡನೆಯ ಮೆಟ್ಟಿಲು ಬೇಕು. 2022ರ ಜನವರಿಯಲ್ಲಿ ಬಯಲಾದ ಪಿಡಬ್ಲ್ಯುಎನ್‌ಕಿಟ್ ಅಂಥದ್ದು. ಪಿಕೆಎಕ್ಸೆಕ್ ಎಂಬ ಪ್ರೋಗ್ರಾಮಿನಲ್ಲಿ 2009ರಿಂದ ಅಡಗಿದ್ದ ಆ ದೋಷದಿಂದ ಯಾವ ಸಾಮಾನ್ಯ ಬಳಕೆದಾರನೂ ರೂಟ್ ಆಗಬಹುದಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಬಂದ ಡರ್ಟಿ ಪೈಪ್ 5.8 ಮತ್ತು ನಂತರದ ಕರ್ನಲ್‌ಗಳನ್ನು ಕಾಡಿತು. ‘ಯಂತ್ರದೊಳಗೆ ಆಗಲೇ ಖಾತೆ ಇದ್ದವರಿಗಷ್ಟೇ ಸಾಧ್ಯ’ ಎಂಬ ಟಿಪ್ಪಣಿ ಓದಿ ಇಂಥವನ್ನು ಬದಿಗಿಡುವುದು ತಪ್ಪು. ತೂತುಬಿದ್ದ ಪ್ಲಗಿನ್ ಒಂದಿದ್ದರೆ ಲೋಕದವರೆಲ್ಲರಿಗೂ ಒಳಗೆ ಖಾತೆ ಇದ್ದ ಹಾಗೆಯೇ.

ಅಪ್‌ಡೇಟ್ ಮಾಡುತ್ತಿದ್ದೇವೆ, ಆದರೂ ಹೀಗಾಯಿತು ಎನ್ನುವವರು ನೋಡಬೇಕಾದ ಸಂಗತಿಗಳಿವೆ. ಉಬುಂಟುವಿನ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹೊಸ ಕರ್ನಲ್ಲನ್ನು ಡಿಸ್ಕಿಗೆ ಹಾಕುತ್ತದೆ, ಆದರೆ ತಾನಾಗಿ ರೀಬೂಟ್ ಮಾಡುವುದಿಲ್ಲ; ಆ ಆಯ್ಕೆ ಮೂಲದಲ್ಲಿ ಆಫ್ ಆಗಿಯೇ ಇರುತ್ತದೆ. ರನ್ ಫೋಲ್ಡರ್‌ನಲ್ಲಿ ‘ರೀಬೂಟ್-ರಿಕ್ವೈರ್ಡ್’ ಎಂಬ ಫೈಲ್ ಬಂದು ತಿಂಗಳುಗಟ್ಟಲೆ ಕೂತಿರುತ್ತದೆ, ಯಂತ್ರ ಮಾತ್ರ ಹಳೆಯ ಕರ್ನಲ್ಲಿನಲ್ಲೇ ಓಡುತ್ತಿರುತ್ತದೆ. ಲೈಬ್ರರಿಗಳದ್ದೂ ಇದೇ ಕತೆ: ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಬದಲಾದರೂ ಅದನ್ನು ಮೊದಲೇ ಮೆಮೊರಿಗೆ ಎಳೆದುಕೊಂಡ ಪ್ರಕ್ರಿಯೆ ಹಳೆಯದನ್ನೇ ಬಳಸುತ್ತದೆ. ಯಾವ ಸೇವೆಯನ್ನು ಮರುಪ್ರಾರಂಭಿಸಬೇಕು ಎಂದು ‘ನೀಡ್‌ರೀಸ್ಟಾರ್ಟ್’ ಹೇಳುತ್ತದೆ. ವರ್ಷಗಟ್ಟಲೆ ರೀಬೂಟ್ ಆಗದ ಸರ್ವರನ್ನು ತೋರಿಸಿ ಹೆಮ್ಮೆಪಡುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇನ್ನೂ ಇದೆ. ಲೈವ್ ಪ್ಯಾಚಿಂಗ್ (ರೀಬೂಟ್ ಇಲ್ಲದೆ ಕರ್ನಲ್ ತಿದ್ದುವುದು) ಇಲ್ಲದಿದ್ದರೆ ಅದು ಹೆಮ್ಮೆಯ ವಿಷಯವಲ್ಲ. ಇನ್ನು ಅವಧಿ ಮುಗಿದ ಆವೃತ್ತಿಗಳು. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಬೆಂಬಲ ನಿಂತಿತು, ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಇಂಥ ಯಂತ್ರ ‘ಎಲ್ಲವೂ ಅಪ್‌ಡೇಟ್ ಆಗಿದೆ’ ಎಂದು ಹೇಳಿದರೆ ಅದರ ಅರ್ಥ ಹೊಸದಾಗಿ ಬರುವುದು ಏನೂ ಇಲ್ಲ ಎಂದಷ್ಟೇ.

ಇದಕ್ಕೆ ತಿರುಗುಮುರುಗಾದ ಗೊಂದಲವೂ ಉಂಟು. 2024ರ ಜುಲೈನಲ್ಲಿ ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನ ‘ರಿಗ್ರೆಶನ್’ ದೋಷ ಬಂದಾಗ 8.5ರಿಂದ 9.7ರವರೆಗಿನ ಆವೃತ್ತಿಗಳಿಗೆ ಅಪಾಯ, 9.8ರಲ್ಲಿ ಸರಿಯಾಗಿದೆ ಎಂದು ಎಲ್ಲೆಡೆ ಬಂತು. ಡೆಬಿಯನ್ 12 ಬಳಸುವವರು ತಮ್ಮದು 9.2 ಎಂದು ನೋಡಿ ಗಾಬರಿಯಾದರು. ಡೆಬಿಯನ್ ಆವೃತ್ತಿ ಸಂಖ್ಯೆ ಬದಲಿಸದೆ ತಿದ್ದುಪಡಿಯನ್ನು ಮಾತ್ರ ಹಳೆಯದಕ್ಕೆ ಹೊಲಿಯುತ್ತದೆ. ಪ್ಯಾಕೇಜ್ ಹೆಸರಿನ ಬಾಲದಲ್ಲಿ ‘ಡೆಬ್12ಯು3’ ಎಂದಿದ್ದರೆ ಅದು ಸರಿಯಾದದ್ದೇ. ಗಾಬರಿಯಲ್ಲಿ ಯಾವುದೋ ತಾಣದಿಂದ 9.8 ತಂದು ಕಂಪೈಲ್ ಮಾಡಿ ಹಾಕಿಕೊಂಡವರ ಎಸ್‌ಎಸ್‌ಎಚ್‌ಗೆ ಮುಂದೆ ಡಿಸ್ಟ್ರೋದ ಅಪ್‌ಡೇಟ್‌ಗಳೇ ತಲುಪುವುದಿಲ್ಲ.

ಪೂರೈಕೆಯ ಹಾದಿಯಲ್ಲೇ ವಿಷ ಬೆರೆಸುವುದು ಹೊಸ ಚಿಂತೆ. 2024ರ ಮಾರ್ಚ್ 29ರಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬಯಲು ಮಾಡಿದ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಸಾಧನ) ಪ್ರಕರಣದಲ್ಲಿ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಹಿಂಬಾಗಿಲಿತ್ತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಅವರು ಬೆನ್ನು ಹತ್ತದಿದ್ದರೆ ಅದು ಸ್ಥಿರ ಆವೃತ್ತಿಗಳಿಗೂ ಇಳಿಯುತ್ತಿತ್ತು. ಸಾಮಾನ್ಯ ಬಳಕೆದಾರ ಇದನ್ನು ತಡೆಯಲಾರ, ನಿಜ. ಆದರೆ ಎಲ್ಲಿಂದಲೋ ಸಿಕ್ಕ ಸಾಲನ್ನು ನಕಲು ಮಾಡಿ ‘ಕರ್ಲ್’ನಿಂದ ಇಳಿಸಿಕೊಂಡದ್ದನ್ನು ಓದದೆ ನೇರ ‘ಬ್ಯಾಶ್’ಗೆ ಕೊಟ್ಟು ಓಡಿಸುವುದನ್ನು ತಡೆಯಬಹುದು. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್‌ನ ತಾಣವನ್ನೇ ಹ್ಯಾಕ್ ಮಾಡಿ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿದ್ದ ಐಎಸ್‌ಓಗೆ (ಸ್ಥಾಪನೆಯ ಫೈಲಿಗೆ) ತಿರುಗಿಸಿದ್ದರು. ತಾಣವೇ ಕಳ್ಳರ ಕೈಯಲ್ಲಿದ್ದಾಗ ಅದೇ ತಾಣದಲ್ಲಿ ಬರೆದಿರುವ ಚೆಕ್‌ಸಮ್ (ಫೈಲಿನ ತಾಳೆ ಸಂಖ್ಯೆ) ನೋಡಿ ಏನು ಪ್ರಯೋಜನ? ಪರೀಕ್ಷಿಸಬೇಕಾದದ್ದು ಜಿಪಿಜಿ ಎಂಬ ಡಿಜಿಟಲ್ ಸಹಿಯನ್ನು, ಅದೂ ಬೇರೆ ಕಡೆಯಿಂದ ಪಡೆದ ಕೀಯಿಂದ.

ಸರ್ವರ್ ಕೈತಪ್ಪಿದೆಯೇ ಎಂದು ಪತ್ತೆ ಮಾಡುವುದು ಹೇಗೆ? ಇಂದು ಹೆಚ್ಚಾಗಿ ಕಾಣುವ ಗುರುತು ಕ್ರಿಪ್ಟೊ ಮೈನರ್ (ನಿಮ್ಮ ಯಂತ್ರದಲ್ಲಿ ಓಡಿ ಕಳ್ಳನಿಗೆ ಕ್ರಿಪ್ಟೊ ಹಣ ಗಳಿಸಿಕೊಡುವ ಪ್ರೋಗ್ರಾಂ): ಕಾರಣವಿಲ್ಲದೆ ಸಿಪಿಯು ನೂರಕ್ಕೆ ನೂರು ಓಡುವುದು. ಅದು ತನ್ನ ಹೆಸರನ್ನು ಚೌಕ ಆವರಣದೊಳಗಿನ ‘ಕೆವರ್ಕರ್’ ಎಂದು ಬದಲಿಸಿಕೊಂಡು ಕರ್ನಲ್ಲಿನದೇ ಕೆಲಸದಂತೆ ನಟಿಸುತ್ತದೆ. ವೇಷ ಕಳಚುವುದು ಕಷ್ಟವಲ್ಲ. ನಿಜವಾದ ಕರ್ನಲ್ ಥ್ರೆಡ್‌ನ ತಾಯಿ ಪ್ರಕ್ರಿಯೆಯ ಸಂಖ್ಯೆ 2 ಆಗಿರುತ್ತದೆ, ಮತ್ತು ಪ್ರಾಕ್ ಫೋಲ್ಡರ್‌ನಲ್ಲಿ ಅದರ ಸಂಖ್ಯೆಯಡಿ ಇರುವ ‘ಎಕ್ಸಿ’ ಕೊಂಡಿ ಯಾವ ಫೈಲನ್ನೂ ತೋರಿಸುವುದಿಲ್ಲ. ಆ ಕೊಂಡಿ ಟೆಂಪ್ ಫೋಲ್ಡರ್‌ಗೋ /ಡೆವ್/ಎಸ್‌ಎಚ್‌ಎಂಗೋ ಬೊಟ್ಟು ಮಾಡುತ್ತಿದ್ದರೆ ಅನುಮಾನ ಬೇಡ. ಫೈಲ್ ಪಕ್ಕದಲ್ಲಿ ‘ಡಿಲೀಟೆಡ್’ ಎಂದು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಅಪ್‌ಡೇಟ್ ಆದ ನಂತರ ಮರುಪ್ರಾರಂಭವಾಗದ ಸೇವೆಗಳೂ ಹಾಗೆಯೇ ಕಾಣುತ್ತವೆ. ಮೂಲದ ಜಾಗ ಯುಎಸ್‌ಆರ್ ಫೋಲ್ಡರೋ ಟೆಂಪ್ ಫೋಲ್ಡರೋ ಎಂಬುದೇ ಮುಖ್ಯ. ಅಳಿಸಿದ ಫೈಲನ್ನೂ ಆ ಪ್ರಕ್ರಿಯೆ ಜೀವಂತವಿರುವಾಗ ಅದೇ ಎಕ್ಸಿ ಕೊಂಡಿಯಿಂದ ನಕಲು ಮಾಡಿಕೊಳ್ಳಬಹುದು. ಹಾಗಾಗಿ ಸಂಶಯ ಬಂದೊಡನೆ ರೀಬೂಟ್ ಒತ್ತಬೇಡಿ, ಸಾಕ್ಷ್ಯ ಅಲ್ಲಿಗೆ ಮಾಯ.

ನಂತರ ಪ್ರತಿ ಬಳಕೆದಾರನ ಕ್ರಾನ್‌ಟ್ಯಾಬ್, ಸಿಸ್ಟಂಡಿ ಟೈಮರ್‌ಗಳು (ಎರಡೂ ನಿಗದಿತ ಹೊತ್ತಿಗೆ ಕೆಲಸ ಓಡಿಸುತ್ತವೆ), ‘ಆಥರೈಸ್ಡ್-ಕೀಸ್’ ಫೈಲುಗಳು, ಪ್ರೋಗ್ರಾಂಗಳಿಗೆಲ್ಲ ಮೊದಲೇ ಒಂದು ಲೈಬ್ರರಿ ಸೇರಿಸುವ ಇಟಿಸಿ ಫೋಲ್ಡರ್‌ನ ‘ಎಲ್‌ಡಿ.ಎಸ್‌ಓ.ಪ್ರೀಲೋಡ್’ ನೋಡಬೇಕು. ಈ ಕೊನೆಯದು ಸಾಮಾನ್ಯ ಯಂತ್ರಗಳಲ್ಲಿ ಇರುವುದೇ ಇಲ್ಲ. ಇದ್ದರೆ ‘ಎಲ್‌ಎಸ್’, ‘ಪಿಎಸ್’ ಆಜ್ಞೆಗಳು ನಿಮಗೆ ಸುಳ್ಳು ಹೇಳುತ್ತಿರಬಹುದು. ಸ್ಟ್ಯಾಟಿಕ್ ಆಗಿ, ಅಂದರೆ ಹೊರಗಿನ ಲೈಬ್ರರಿ ಬೇಡದಂತೆ, ಕಂಪೈಲ್ ಆದ ಬಿಝಿಬಾಕ್ಸ್ ಆ ಫೈಲಿಗೆ ಸೊಪ್ಪು ಹಾಕುವುದಿಲ್ಲ, ಅದರಿಂದ ನೋಡಿ. ರೂಟ್ ಆಗಿದ್ದರೂ ಯಾವುದೋ ಫೈಲ್ ಅಳಿಸಲಾಗದಿದ್ದರೆ ‘ಎಲ್‌ಎಸ್‌ಆಟರ್’ ಓಡಿಸಿದಾಗ ಐ ಅಕ್ಷರ ಕಾಣುತ್ತದೆ. ಬಂದವನು ಅದನ್ನು ಬದಲಿಸಲಾಗದಂತೆ ಬಿಗಿದು ಹೋಗಿದ್ದಾನೆ ಎಂದರ್ಥ. ಫೈಲುಗಳು ಬದಲಾಗಿವೆಯೇ ಎಂದು ನೋಡುವ ಡೆಬ್‌ಸಮ್ಸ್, ಆರ್‌ಪಿಎಂ ಪರಿಶೀಲನೆಗಳೂ ನೆರವಾಗುತ್ತವೆ, ಆದರೆ ಅವು ಹೋಲಿಸುವ ಮೊತ್ತಗಳು ಅದೇ ಡಿಸ್ಕಿನಲ್ಲಿರುವುದರಿಂದ ‘ಎಲ್ಲ ಸರಿ’ ಎಂಬ ಉತ್ತರವನ್ನು ಪೂರ್ತಿ ನಂಬುವಂತಿಲ್ಲ.

ಮೈನರ್ ಕೊಂದು, ಕ್ರಾನ್ ಸಾಲು ಅಳಿಸಿ, ಪಾಸ್‌ವರ್ಡ್ ಬದಲಿಸಿದರೆ ಆಯಿತೇ? ಇಲ್ಲ. ರೂಟ್ ಕೈಗೆ ಸಿಕ್ಕಿದ್ದವನು ಎಷ್ಟು ಕಡೆ ಏನಿಟ್ಟಿದ್ದಾನೆಂದು ಆ ಯಂತ್ರದ ಒಳಗಿನಿಂದ ಖಚಿತವಾಗಿ ಹೇಳಲಾಗದು. ಜಾಲದಿಂದ ಬೇರ್ಪಡಿಸಿ, ಡಿಸ್ಕಿನ ಪ್ರತಿ ತೆಗೆದಿಟ್ಟು, ಒಳಬಂದ ದಾರಿ ಹುಡುಕಿ, ಹೊಸ ಯಂತ್ರವನ್ನು ಮೊದಲಿನಿಂದ ಕಟ್ಟಿ, ಘಟನೆಗೂ ಹಿಂದಿನ ಬ್ಯಾಕಪ್‌ನಿಂದ ಡೇಟಾ ಮಾತ್ರ ತರಬೇಕು, ಪ್ರೋಗ್ರಾಂಗಳನ್ನಲ್ಲ. ಆ ಯಂತ್ರದಲ್ಲಿದ್ದ ಪ್ರತಿಯೊಂದು ಎಸ್‌ಎಸ್‌ಎಚ್ ಕೀ, ಡೇಟಾಬೇಸ್ ಪಾಸ್‌ವರ್ಡ್, ಕ್ಲೌಡ್ ಟೋಕನ್ ರದ್ದಾಗಬೇಕು. ದಾರಿ ಹುಡುಕದೆ ಯಂತ್ರ ಮಾತ್ರ ಹೊಸದು ಮಾಡಿದವರ ಮೇಲೆ ಅದೇ ದಾಳಿ ಮರುಕಳಿಸುತ್ತದೆ. ರೌಟರ್, ಕ್ಯಾಮೆರಾಗಳಲ್ಲಿ ಇದು ಇನ್ನೂ ಸ್ಪಷ್ಟ: ಮಿರಾಯ್ ಮೆಮೊರಿಯಲ್ಲಷ್ಟೇ ಇರುತ್ತಿತ್ತು, ಆಫ್ ಮಾಡಿ ಮತ್ತೆ ಹಾಕಿದರೆ ಹೋಗುತ್ತಿತ್ತು; ಪಾಸ್‌ವರ್ಡ್ ಬದಲಿಸದಿದ್ದರೆ ನಿಮಿಷಗಳಲ್ಲೇ ಮತ್ತೆ ಬರುತ್ತಿತ್ತು.

ಮನೆಯಲ್ಲಿ ಲಿನಕ್ಸ್ ಲ್ಯಾಪ್‌ಟಾಪ್ ಬಳಸುವವರಿಗೆ ಈ ಪತ್ರದ ಬಹುಪಾಲು ಅನ್ವಯಿಸುವುದಿಲ್ಲ. ರೌಟರ್‌ನ ಹಿಂದೆ, ಹೊರಗಿನಿಂದ ತಲುಪುವ ಸೇವೆಯೇ ಇಲ್ಲದ ಯಂತ್ರ ಅದು. ಅವರಿಗಿರುವ ಅಪಾಯ ಬ್ರೌಸರ್‌ನಲ್ಲಿದೆ: ನಕಲಿ ಎಕ್ಸ್‌ಟೆನ್ಶನ್, ಕದ್ದ ಕುಕ್ಕಿ, ಮೋಸದ ಪುಟ. ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಎಂಬ ಭೇದವಿಲ್ಲ. ಕ್ಲ್ಯಾಮ್‌ಎವಿ ಎಂಬ ಆಂಟಿವೈರಸ್ ಹಾಕಿಕೊಳ್ಳಬೇಕೇ ಎಂದು ಕೇಳುವವರಿಗೆ ಉತ್ತರ: ವಿಂಡೋಸ್ ಬಳಕೆದಾರರಿಗೆ ಫೈಲ್ ಕಳಿಸುತ್ತಿದ್ದರೆ ಹಾಕಿಕೊಳ್ಳಿ, ಮೇಲೆ ಹೇಳಿದ ಬಗೆಯ ದಾಳಿಗಳನ್ನು ಅದು ತಡೆಯುತ್ತದೆಂದು ನಂಬಬೇಡಿ.

ಪತ್ರಿಕೆಗೆ ನಮ್ಮದೊಂದು ಕೋರಿಕೆ. ಇನ್ನು ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಎಣಿಸಿದ್ದು ಪ್ರಯತ್ನವನ್ನೋ ದೋಷವನ್ನೋ ಕೈತಪ್ಪಿದ ಯಂತ್ರಗಳನ್ನೋ ಎಂದು ಮೊದಲ ಪ್ಯಾರಾದಲ್ಲೇ ತಿಳಿಸಿ. ಹೊರಗಿನಿಂದ ನೇರವಾಗಿ ಸಾಧ್ಯವಾಗುವ ದಾಳಿಯೋ ಒಳಗೆ ಖಾತೆ ಬೇಕೋ ಎಂಬುದೂ ಬರಲಿ. ಅಪಾಯವಿರುವ ಆವೃತ್ತಿಗಳನ್ನು ಹೇಳುವಾಗ ಮೂಲ ಯೋಜನೆಯ ಸಂಖ್ಯೆಯ ಜೊತೆ ಡೆಬಿಯನ್, ಉಬುಂಟು, ರೆಡ್‌ಹ್ಯಾಟ್‌ಗಳ ಪ್ಯಾಕೇಜ್ ಸಂಖ್ಯೆಯನ್ನೂ ಕೊಟ್ಟರೆ ಓದುಗರು ತಮ್ಮ ಯಂತ್ರದ ಮುಂದೆ ಕೂತು ಆಗಲೇ ತಾಳೆ ನೋಡಬಹುದು.

— ಇಬ್ಬರು ಲಿನಕ್ಸ್ ಸರ್ವರ್ ನಿರ್ವಾಹಕರು